ಐದೂರಿಗೊಂದೇ ಭಾಗಾಕಾರ

ಭಾಗಾಕಾರ ನಮ್ಮ ಐದೂರಿಗೆಲ್ಲ ಸೇರಿ ಒಂದೇ ಇತ್ತು. ಆ ವಾರ ಅದು ನನ್ನ ಮಗಳು ಕಸ್ತೂರಿಯ ಹತ್ತಿರ ಇತ್ತು. ಗೌಡರು ಅದನ್ನು ಅವಳಿಂದ ಬಿಡಿಸಿ ತಮ್ಮ ಮೊಮ್ಮಗನಿಗೆ ಕೊಡಿಸಿದರು. ವಿಷಯ ಇಷ್ಟೇ. ಸ್ವಲ್ಪ ಸಮಾಧಾನದಿಂದ ಹೇಳು ಅನ್ನುತ್ತಾನೆ ನನ್ನ ಗಂಡ. ಎಲ್ಲಿಂದ ತರಲಿ ಸಮಾಧಾನ? ನಾನು ಹಿಟ್ಟಿನ ಗಿರಣಿ ನಡೆಸುವವಳು. ಮೋಟಾರಿನ ಸದ್ದಿನ ಮೇಲೆ ಕೂಗಿ ಕೂಗಿ ನನ್ನ ದನಿ ಹೀಗೇ ಆಗಿದೆ. ಕೇಳುವವರು ಕೇಳಲಿ, ಬೇಡಾದವರು ಕಿವಿ ಮುಚ್ಚಿಕೊಳ್ಳಲಿ.

ನಮ್ಮ ಕಡೆ ಯಾರಿಗಾದರೂ ಒಂದು ವಿದ್ಯೆ ಕಲಿಸಿದರೆ ಅದು ಅವರಿಗೆ ಹೋಗುತ್ತದೆ, ಕಲಿಸಿದವರಲ್ಲಿ ಉಳಿಯುವುದಿಲ್ಲ. ಬರೀ ಹೇಳಿದರೆ ಏನೂ ಆಗುವುದಿಲ್ಲ. ಎದುರಿಗೆ ಕೂತವರಿಗೆ ಅದು ನಿಜವಾಗಿ ತಿಳಿಯಬೇಕು. ತಿಳಿಯಿತೋ, ಆ ಗಳಿಗೆಗೆ ನಾವು ಖಾಲಿ. ಹಿಂದೆ ಬರುತ್ತಿತ್ತು ಎಂಬ ನೆನಪು ಇರುತ್ತದೆ, ಬರುವುದು ಮಾತ್ರ ಇರುವುದಿಲ್ಲ, ಹಲ್ಲು ಬಿದ್ದ ಜಾಗದಲ್ಲಿ ನಾಲಿಗೆ ಆಡಿಸಿದ ಹಾಗೆ. ಈ ಗಿರಣಿ ನನ್ನ ಗಂಡ ಶಿವಪುತ್ರನದು. ಮದುವೆಯಾದ ಹೊಸತರಲ್ಲಿ ಪ್ರೀತಿ ಉಕ್ಕಿ ನನಗೆ ಬೆಲ್ಟ್ ಹಾಕುವುದರಿಂದ ಹಿಡಿದು ಕಲ್ಲು ಬಿಗಿಯುವ ತನಕ ಎಲ್ಲ ಕಲಿಸಿದ. ಮರುದಿನ ಗಿರಣಿ ಮುಂದೆ ನಿಂತು ಇದನ್ನು ಎಲ್ಲಿಂದ ಚಾಲೂ ಮಾಡುವುದು ಎಂದು ನನ್ನನ್ನೇ ಕೇಳಿದ. ಈಗ ಟ್ರ್ಯಾಕ್ಟರ್ ಓಡಿಸುತ್ತಾನೆ. ನಮ್ಮ ಹೆಂಗಸರು ರೊಟ್ಟಿ ಬಡಿಯುವುದನ್ನು ಮಗಳಿಗೆ ಮದುವೆಯ ಹಿಂದಿನ ದಿನವೇ ಕಲಿಸುವುದು, ಆಮೇಲೆ ಸೊಸೆ ಬರುವ ತನಕ ಆ ಮನೆಯಲ್ಲಿ ಅನ್ನವೇ ಗತಿ. ಹೊಸಬರು ಯಾರಾದರೂ ದಾರಿ ಕೇಳಿದರೆ ನಾವು ಬಾಯಿ ಬಿಡುವುದಿಲ್ಲ, ಜೊತೆಗೇ ನಡೆದು ಬಿಟ್ಟು ಬರುತ್ತೇವೆ. ಬಲು ಒಳ್ಳೆಯ ಜನ ಅಂದುಕೊಂಡು ಹೋಗುತ್ತಾರೆ ಪಾಪ.

ಮನೆ, ಹೊಲ ಹೇಗೋ ನಡೆಯುತ್ತವೆ. ಕೂಡಿಸುವುದು, ಕಳೆಯುವುದು, ಅಕ್ಷರ, ಇವೆಲ್ಲ ಮನೆಗೊಂದರಂತೆ ಇವೆ. ಕಷ್ಟವಿರುವುದು ಶಾಲೆಗೆ. ಅಲ್ಲಿ ಕಲಿಸಲು ಸುಮಿತ್ರಾ ಅಕ್ಕೋರು ಹೊಸದಾಗಿ ಬಂದಾಗ ನಾನು ಏಳನೆಯ ತರಗತಿ. ಅವರಿಗೆ ಭಾಗಾಕಾರ ಬರುತ್ತಿತ್ತು, ಭಿನ್ನರಾಶಿ ಬರುತ್ತಿತ್ತು, ನಕಾಶೆ ಓದಲು ಬರುತ್ತಿತ್ತು, ಇಂಗ್ಲಿಷಿನಲ್ಲಿ ವಾಕ್ಯ ಕಟ್ಟಲು ಬರುತ್ತಿತ್ತು. ಅವರ ಊರಿನ ಕಡೆ ಹೀಗಿಲ್ಲವಂತೆ. ಕಲಿಸಿದರೂ ಉಳಿಯುತ್ತದಂತೆ. ನಮ್ಮ ಕಡೆಯ ಸಂಗತಿಯನ್ನು ಅವರಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಮೊದಲ ವಾರ ಹುರುಪಿನಿಂದ ಮುಂದಿನ ಸಾಲಿನ ಮಕ್ಕಳಿಗೆ ತಲೆಗೊಂದರಂತೆ ಎಲ್ಲವನ್ನೂ ಕಲಿಸಿಬಿಟ್ಟರು. ಶನಿವಾರ ಹಲಗೆಯ ಮುಂದೆ ಸೀಮೆಸುಣ್ಣ ಹಿಡಿದು ನಿಂತು ಅತ್ತರು. ಆದರೂ ಬಿಟ್ಟು ಹೋಗಲಿಲ್ಲ. ಸರದಿ ಎಂಬ ಪದ್ಧತಿಯನ್ನು ಕಟ್ಟಿ ನಿಲ್ಲಿಸಿದವರು ಅವರೇ.

ಸರದಿ ಅಂದರೆ, ಅಪರೂಪದ ವಿದ್ಯೆಗಳು ಮಗುವಿನಿಂದ ಮಗುವಿಗೆ, ಊರಿನಿಂದ ಊರಿಗೆ ತಿರುಗುತ್ತವೆ. ಒಬ್ಬೊಬ್ಬರ ಹತ್ತಿರ ಒಂದು ವಾರ. ಐತವಾರ ಸಂಜೆ ಶಾಲೆಯ ಕಟ್ಟೆಯ ಮೇಲೆ ಕೂತು ಮುಂದಿನವರಿಗೆ ಕಲಿಸಿ ಕೊಟ್ಟುಬಿಡಬೇಕು. ಯಾರ ನಂತರ ಯಾರು ಎಂದು ಶಾಲೆಯ ಗೋಡೆಯ ಮೇಲೆ ಬಣ್ಣದಲ್ಲಿ ಬರೆದಿದೆ. ನಮ್ಮ ಐದೂರಿನ ದೊಡ್ಡವರಲ್ಲಿ ಯಾರನ್ನೇ ಕೇಳಿ, ತಮ್ಮ ವಾರವನ್ನು ಮರೆತಿರುವುದಿಲ್ಲ. ನನಗೆ ಭಾಗಾಕಾರ ಬರುತ್ತಿದ್ದ ವಾರ ಕಂಡದ್ದನ್ನೆಲ್ಲ ಭಾಗಿಸಿದೆ. ಮನೆಯ ಹಂಚು ಭಾಗಿಸಿದೆ, ಅಜ್ಜಿಯ ವಯಸ್ಸು ಭಾಗಿಸಿದೆ. ಐತವಾರ ಅದು ಹೋಯಿತು. ಆಮೇಲೆ ಇಷ್ಟು ವರ್ಷ ಗಿರಾಕಿಗಳ ಹಿಟ್ಟನ್ನು ಕಣ್ಣಳತೆಯಲ್ಲಿ ಪಾಲು ಮಾಡಿ ಬೈಸಿಕೊಳ್ಳುತ್ತಿದ್ದೇನೆ.

ಇನ್ನು ವರ್ಷದ ಕೊನೆಯ ಪರೀಕ್ಷೆ. ಅದನ್ನು ನಮ್ಮಲ್ಲಿ ಸಾಲು ಪರೀಕ್ಷೆ ಅನ್ನುತ್ತಾರೆ. ಭಾಗಾಕಾರ ಇರುವ ಮಗು ಸಾಲಿನ ತುದಿಗೆ ಕೂರುತ್ತದೆ. ತನ್ನ ಲೆಕ್ಕ ಮಾಡಿ ಪಕ್ಕದವನ ಕಿವಿಯಲ್ಲಿ ಊದಿ ಕಲಿಸುತ್ತದೆ. ಅವನು ತನ್ನ ಲೆಕ್ಕ ಮಾಡಿ ಮುಂದಿನವಳಿಗೆ ಕಲಿಸುತ್ತಾನೆ. ಹೀಗೆ ವಿದ್ಯೆ ಬೆಂಚಿನಿಂದ ಬೆಂಚಿಗೆ ಹರಿಯುತ್ತದೆ, ನೋಡಿಕೊಳ್ಳಲು ನಿಂತ ಮಾಸ್ತರರು ಕಿಟಕಿಯ ಆಚೆ ಕಾಗೆ ನೋಡುತ್ತಾರೆ. ಫಲಿತಾಂಶ ನೂರಕ್ಕೆ ನೂರು, ಪ್ರತಿ ವರ್ಷ. ತಾಲ್ಲೂಕಿನ ಸಾಹೇಬರು ಬಂದು ಹಾರ ಹಾಕಿಸಿಕೊಂಡು, ಮಾದರಿ ಶಾಲೆಗಳು ಅಂತ ಭಾಷಣ ಮಾಡಿ ಹೋಗುತ್ತಾರೆ. ಆ ನೂರು ಅಂಕ ತಗೊಂಡ ಮಕ್ಕಳು ದೊಡ್ಡೂರಿನ ಹೈಸ್ಕೂಲಿಗೆ ಹೋಗಿ, ಅಲ್ಲಿ ಬಾಯಿ ಬಿಡಲಾಗದೆ, ದೀಪಾವಳಿಗೆ ಮನೆಗೆ ಬಂದವರು ತಿರುಗಿ ಹೋಗುವುದಿಲ್ಲ. ಇದರ ಬಗ್ಗೆ ಯಾರೂ ಭಾಷಣ ಮಾಡಲಿಲ್ಲ.

ಕಸ್ತೂರಿ ಏಳನೆಯ ತರಗತಿಗೆ ಬಂದಾಗ ದೊಡ್ಡೂರಿನ ವಸತಿ ಶಾಲೆಗೆ ಮಕ್ಕಳನ್ನು ಆರಿಸುವ ಪರೀಕ್ಷೆ ಇದೆ ಎಂದು ಸುಮಿತ್ರಾ ಅಕ್ಕೋರು ಹೇಳಿದರು. ಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳಿಗೆ ಮಾತ್ರ. ಆರಿಸಿಕೊಂಡರೆ ಹತ್ತನೆಯ ತನಕ ಅಲ್ಲೇ ಊಟ, ಅಲ್ಲೇ ಓದು, ವಿಷಯಕ್ಕೊಬ್ಬ ಮಾಸ್ತರ, ಕಲಿತದ್ದು ಯಾರಿಗೂ ತಿರುಗಿ ಕೊಡಬೇಕಿಲ್ಲ. ಪರೀಕ್ಷೆ ಐತವಾರ ಮುಂಜಾನೆ. ನಾನು ಗೋಡೆಯ ಮುಂದೆ ನಿಂತು ಬೆರಳಿಟ್ಟು ನೋಡಿದೆ. ಆ ವಾರ ಭಾಗಾಕಾರ ಕಸ್ತೂರಿಯದು. ಐತವಾರ ಸಂಜೆಯ ತನಕ ಅವಳದೇ.

ಅದರ ಹಿಂದಿನ ಐತವಾರ ಸಂಜೆ ಅವಳಿಗೆ ಅದು ಬಂತು. ಶಾಲೆಯಿಂದ ಓಡಿ ಬಂದು ಗಿರಣಿಯಲ್ಲಿದ್ದ ಜೋಳದ ಚೀಲಗಳನ್ನೆಲ್ಲ ಮನೆಗಿಷ್ಟು ಎಂದು ಬಾಯಲ್ಲೇ ಪಾಲು ಮಾಡಿದಳು. ಗಿರಾಕಿಗಳು ನಕ್ಕರು, ಅವತ್ತು ಯಾರೂ ನನ್ನನ್ನು ಬೈಯಲಿಲ್ಲ. "ಯವ್ವಾ, ಎಷ್ಟ ದೊಡ್ಡ ಸಂಖ್ಯೆ ಇದ್ರೂ ಅಂಜಬಾರ್ದು. ಒಂದೊಂದ ಅಂಕಿ ಕೆಳಗ ಇಳಿಸ್ಕೊಂತ ಹೋದ್ರ ಮುಗದ ಹೋಗತೈತಿ," ಅಂದಳು. ನಾನು ತಿಳಿಯದ ಹಾಗೆ ಮುಖ ಆಚೆ ತಿರುಗಿಸಿದೆ. ಎಲ್ಲಾದರೂ ನನಗೆ ತಿಳಿದುಬಿಟ್ಟರೆ ಅವಳದು ಹೋದೀತೆಂಬ ಭಯ.

ಮಂಗಳವಾರ ಮಂಡಳಿಯ ಸಭೆ ಕರೆದರು. ನಮ್ಮ ಐದೂರಿನ ಶಾಲೆಗಳಿಗೆ ಒಂದೇ ಮಂಡಳಿ, ಅದಕ್ಕೆ ಊರಿಗೊಬ್ಬ ಸದಸ್ಯ, ಎಲ್ಲರ ಮೇಲೆ ಅಧ್ಯಕ್ಷರು ಮುದುಕನಗೌಡರು. ಅವರು ಆ ಕುರ್ಚಿಯಲ್ಲಿ ಕೂತದ್ದು ಯಾವಾಗ ಎಂದು ನೆನಪಿರುವವರೇ ಇಲ್ಲ. ಹೆಣ್ಣುಮಗಳೊಬ್ಬಳು ಇರಲೇಬೇಕು ಎಂಬ ಕಾಯಿದೆ ಬಂದಾಗ ನನ್ನನ್ನೂ ಸೇರಿಸಿಕೊಂಡರು. ಸಭೆಗೆ ಅವಲಕ್ಕಿ ಒಗ್ಗರಣೆ ಮಾಡಿ ತರುವುದು ನನ್ನ ಕೆಲಸ. ಸಭೆಗಳು ಯಾವಾಗಲೂ ಗಿರಣಿಗೆ ಜನ ಮುಕುರುವ ಹೊತ್ತಿಗೇ ಇರುತ್ತಿದ್ದವು, ನಾನು ಬುಟ್ಟಿ ಇಟ್ಟು ಓಡಿ ಬರುತ್ತಿದ್ದೆ. ಆ ದಿನ ಯಾಕೋ ಕೂತೆ.

ಗೌಡರು ಗಂಟಲು ಸರಿಮಾಡಿಕೊಂಡರು. "ನೋಡ್ರಿ, ನಮ್ಮ ಐದೂರಾಗ ವಿದ್ಯೆ ಇಲ್ಲಂತಲ್ಲ. ಹರಿದು ಹಂಚಿ ಹೋಗೇತಿ. ಇಲ್ಲೀತನಕಾ ಒಬ್ಬರ ವಸತಿ ಶಾಲಿಗೆ ಹೋಗ್ಯಾರೇನು? ಇಲ್ಲ. ಅದಕ್ಕ ಈ ಸಲ ಎಲ್ಲಾ ವಿದ್ಯಾನೂ ಒಬ್ಬ ಹುಡುಗನ ತಲ್ಯಾಗ ಕೂಡಿಸಿ ಕಳಸೂಣು. ಅಂವ ಪಾಸಾದ್ರ ಐದೂರಿಗೂ ಹೆಸರು. ಸಾಹೇಬ್ರೂ ಹೂಂ ಅಂದಾರ."

"ಯಾವ ಹುಡುಗ್ರಿ ಅಂವ?" ಅಂದೆ ನಾನು.

ಹೆಡ್ ಮಾಸ್ತರ ಗುರುಪಾದಪ್ಪನವರು ತಮ್ಮ ಚಪ್ಪಲಿ ನೋಡಿಕೊಂಡರು. ಗೌಡರೇ ಹೇಳಿದರು, "ನಮ್ಮ ಸಮರ್ಥ."

ಸಮರ್ಥ ಅಂದರೆ ಗೌಡರ ಮೊಮ್ಮಗ. ಹೋದ ವರ್ಷದ ತನಕ ಶಹರದ ಇಂಗ್ಲಿಷ್ ಶಾಲೆಯಲ್ಲಿದ್ದ, ಅಲ್ಲಿಯ ಪಾಠ ಒಂದೂ ತಲೆಗೆ ಹತ್ತಿರಲಿಲ್ಲ. ಈ ಪರೀಕ್ಷೆ ಹಳ್ಳಿ ಮಕ್ಕಳಿಗೆ ಮಾತ್ರ ಎಂದು ಗೊತ್ತಾದ ಮೇಲೆ ಜೂನ್‌ನಲ್ಲಿ ತಂದು ನಮ್ಮ ಶಾಲೆಗೆ ಹೆಸರು ಹಚ್ಚಿದ್ದರು. ಹಾಜರಿ ಕರೆಯುವಾಗ ಅವನ ಹೆಸರಿಗೆ ಮಾಸ್ತರರೇ 'ಹಾಂ' ಅನ್ನುತ್ತಿದ್ದರು ಅಂತ ಕಸ್ತೂರಿ ನಗುತ್ತಿದ್ದಳು.

"ಈ ವಾರದ ಸರದಿ ನನ್ನ ಮಗಳದ್ರಿ ಗೌಡ್ರ," ಅಂದೆ.

"ಸರದಿ ಮಾಡಿದ್ದು ಮಂಡಳಿ. ಬದಲ ಮಾಡೂದೂ ಮಂಡಳಿ. ಕೈ ಎತ್ರಿ."

ಎತ್ತಿದರು. ನಾನು ಮಾಡಿ ತಂದ ಅವಲಕ್ಕಿಯನ್ನು ಬಲಗೈಯಲ್ಲಿ ತಿನ್ನುತ್ತ ಎಡಗೈ ಎತ್ತಿದರು! ಅದರ ಹಸಿಮೆಣಸಿನಕಾಯಿ ಅವರ ನಾಲಿಗೆ ಸುಡಲಿಲ್ಲವಲ್ಲ ಎಂದು ಇವತ್ತಿಗೂ ನನ್ನ ಹೊಟ್ಟೆ ಉರಿಯುತ್ತದೆ.

ಬುಧವಾರ ಭಿನ್ನರಾಶಿಯ ಹುಡುಗ, ನಕಾಶೆಯ ಹುಡುಗಿ, ಇಂಗ್ಲಿಷ್ ವಾಕ್ಯದ ಹುಡುಗ ಬೇರೆ ಬೇರೆ ಊರುಗಳಿಂದ ಬಂದು ಸಮರ್ಥನಿಗೆ ಕಲಿಸಿ ಖಾಲಿಯಾಗಿ ಹೋದರು. ಗುರುವಾರ ಕಸ್ತೂರಿಯ ಪಾಳಿ. ಬೆಳಿಗ್ಗೆ ಜಡೆ ಹೆಣೆಯುತ್ತ ನಾನು ಅವಳ ಕಿವಿಯಲ್ಲಿ ಹೇಳಿದೆ, "ತಪ್ಪ ಕಲಸ ಅವಗ. ಏನರ ಒಂದ ಹೇಳಿ ಹೌದ ಅನ್ನಿಸಿ ಬಂದಬಿಡು. ಯಾರಿಗೆ ತಿಳೀತೈತಿ?"

"ಯವ್ವಾ, ತಪ್ಪ ಕಲಸಾಕ ನನಗ ಬರೂದಿಲ್ಲ," ಅಂದಳು ಕಸ್ತೂರಿ. "ಅಂವೇನ ಮಾಡ್ಯಾನ ಪಾಪ?"

ಪಾಪವಂತೆ! ಅವಳ ಬೆನ್ನಿಗೆ ಒಂದು ಗುದ್ದಬೇಕು ಅನ್ನಿಸಿತು, ಜಡೆ ಬಿಗಿಯಾಗಿ ಹೆಣೆದೆ. ಆದರೆ ಆ ಹುಡುಗನನ್ನು ಶಾಲೆಯಲ್ಲಿ ನೋಡಿದ ಮೇಲೆ ನನಗೂ ಹೆಚ್ಚು ಬೈಯಲಾಗಲಿಲ್ಲ. ಕಣ್ಣ ಕೆಳಗೆ ಕಪ್ಪಾಗಿತ್ತು. ಐದೂರಿನ ವಿದ್ಯೆಯೆಲ್ಲ ಒಂದೇ ತಲೆಗೆ ತುರುಕಿದರೆ ಇನ್ನೇನಾದೀತು? "ಅಜ್ಜಾ, ತಲಿ ನೋಯಾಕತ್ತೈತಿ, ಇದೊಂದ ಬ್ಯಾಡ," ಅಂದ. ಗೌಡರು ಹಿಂದಿನಿಂದ ಅವನ ಹೆಗಲು ಹಿಡಿದು ಕೂರಿಸಿದರು. ಹೆಡ್ ಮಾಸ್ತರರು ಮುಂದೆ ಸುರಿದ ಹುಣಸೆ ಬೀಜ ಹರಡಿಕೊಂಡು ಕಸ್ತೂರಿ ಸಾವಕಾಶವಾಗಿ, ಒಂದಿಷ್ಟೂ ಮುಚ್ಚಿಡದೆ ಕಲಿಸಿದಳು. ಕೊನೆಗೆ ಅವನು ಬಹಳ ಸಣ್ಣ ದನಿಯಲ್ಲಿ, "ತಿಳೀತು," ಅಂದ. ಕಸ್ತೂರಿ ಬೀಜಗಳನ್ನು ನೋಡುತ್ತ ಕೂತಳು. ಸ್ವಲ್ಪ ಹೊತ್ತು ಬಿಟ್ಟು ಅವನ್ನು ಬಳಿದು ಲಂಗದ ಕಿಸೆಗೆ ಹಾಕಿಕೊಂಡಳು.

ಅವತ್ತು ಸಂಜೆ ಶೇಂಗಾ ಹುರಿದು ಅವಳ ಮುಂದಿಟ್ಟು, ಮೂವರಿಗೂ ಪಾಲು ಮಾಡು ಅಂದೆ. ಅಭ್ಯಾಸದಿಂದ ಅಂದೆ, ಬಾಯಿ ಸುಟ್ಟುಕೊಂಡೆ. ಮೂರು ಗುಂಪು ಮಾಡಿದಳು. ಒಂದು ದೊಡ್ಡದಾಯಿತು. ಕೂಡಿಸಿ ಮತ್ತೆ ಮಾಡಿದಳು. ಮತ್ತೆ ಹೆಚ್ಚುಕಡಿಮೆ. ಕೊನೆಗೆ ತಟ್ಟೆಯನ್ನೇ ನನ್ನ ಕಡೆ ತಳ್ಳಿ, "ನೀನ ತಿನ್ನು, ನನಗ ಹಸವಿಲ್ಲ," ಅಂದು ಎದ್ದು ಹೋದಳು. ಕಾಳಿಲ್ಲದೆ ಗಿರಣಿ ಓಡಿಸಬಾರದು, ಕಲ್ಲು ಸವೆಯುತ್ತವೆ. ಅವತ್ತು ಓಡಿಸಿದೆ. ಕಲ್ಲಿಗೆ ಕಲ್ಲು ತಿಕ್ಕಿ ಕಿಡಿ ಹಾರುವ ತನಕ ಓಡಿಸಿದೆ.

ಶುಕ್ರವಾರ ಬೆಳಿಗ್ಗೆ ಹಿಟ್ಟು ಮೆತ್ತಿದ ಸೀರೆಯಲ್ಲೇ ಗೌಡರ ಮನೆಗೆ ಹೋದೆ. ಗೌಡರು ತೂಗುಮಣೆಯ ಮೇಲೆ ಚಹಾ ಕುಡಿಯುತ್ತಿದ್ದರು, ಗುರುಪಾದಪ್ಪ ಮಾಸ್ತರರು ಕೆಳಗೆ ಚಾಪೆಯ ಮೇಲೆ. ನಾನು ನಿಂತೇ ಕೇಳಿದೆ, "ಸುಮಿತ್ರಾ ಅಕ್ಕೋರ ಆದ ಮ್ಯಾಲ ಹೊಸಾ ಮಾಸ್ತರ್ರು ಯಾಕ ಬಂದಿಲ್ರಿ? ಒಬ್ಬರ ಬಂದಿದ್ರ ಇನ್ನೊಂದ ಭಾಗಾಕಾರ ಬರತಿತ್ತಿಲ್ಲೋ?"

ಗೌಡರು ನಕ್ಕರು. "ಅದೆಲ್ಲಾ ನಿನಗ ತಿಳಿಯೂದಿಲ್ಲ ಬಿಡು ಫಕೀರವ್ವ. ಹೋಗಿ ಹಿಟ್ಟ ಬೀಸು."

ಇದು ಅವರ ಹಳೆಯ ಮಾತು. ಏನು ಕೇಳಿದರೂ ಇದೇ. ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ತನ್ನ ಕಸುಬನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಆದರೆ ಅವತ್ತು ನನ್ನ ತಲೆ ಕೆಟ್ಟಿತ್ತು. "ನನಗ ತಿಳಿಯೂದಿಲ್ಲಂದ್ರ ಹೇಳಾಕ ಯಾಕ ಅಂಜತೀರಿ?" ಅಂದೆ.

"ಅಂಜಿಕಿ?" ಗೌಡರು ತೂಗುಮಣೆಯನ್ನು ಕಾಲಿನಿಂದ ನಿಲ್ಲಿಸಿದರು. "ನಿನಗ? ಹಿಟ್ಟ ಪಾಲ ಮಾಡಾಕ ಬರೂದಿಲ್ಲ ನಿನಗ, ಆಡಳಿತ ತಿಳೀತೈತಿ? ಮಾಸ್ತರ, ಕೇಳ್ರಿ ಈಕಿ ಮಾತ! ಹೇಳ್ತೇನಿ, ಕುಂತ ಕೇಳು. ಗ್ವಾಡಿಗೆ ಹೇಳಿದಂಗ ಹೇಳ್ತೇನಿ."

ನಾನು ಕೂರಲಿಲ್ಲ. ಅವರು ಹೇಳಿದರು. ಮಕ್ಕಳು ಫೇಲಾಗುವ ಶಾಲೆಗೆ ಮಾತ್ರ ಇಲಾಖೆ ಹೊಸ ಮಾಸ್ತರರನ್ನು ಕಳಿಸುತ್ತದೆ, ನೂರಕ್ಕೆ ನೂರು ಬರುವ ಕಡೆಗಲ್ಲ. ಹೊಸಬರು ಬಂದರೆ ಪ್ರಶ್ನೆ ಕೇಳುತ್ತಾರೆ, ಮಂಡಳಿಯ ಮಾತು ನಡೆಯುವುದಿಲ್ಲ. ಅದಕ್ಕೇ ಸಾಲು ಪರೀಕ್ಷೆ ನಿಲ್ಲಬಾರದು. ಮೂವರು ಸದಸ್ಯರು ಕೂಡಿ ಕೇಳಿದರೆ ತಮಟೆ ಹೊಡೆಸಿ ಮರುದಿನವೇ ಸಭೆ ಕರೆಯಬಹುದು, ಅಧ್ಯಕ್ಷರ ಒಪ್ಪಿಗೆ ಬೇಕಾಗಿಲ್ಲ, ಅದು ಯಾರಿಗೂ ಗೊತ್ತಿಲ್ಲ. ಯಾವ ಸದಸ್ಯನಿಗೆ ಯಾವ ಆಸೆ, ಯಾವ ಭಯ. ಎದುರು ಮಾತಾಡುವವರಿಗೆ ಬಿಡುವಿಲ್ಲದ ಹೊತ್ತು ನೋಡಿಯೇ ಸಭೆ ಇಡಬೇಕು. "ನಿನ್ನ ಗಿರಣಿ ಹೊತ್ತಿಗೆ ಯಾಕ ಕರೀತಿದ್ದೆ ಅಂತ ಮಾಡಿದ್ದಿ?" ಅಂದು ನಕ್ಕರು. ಸಾಹೇಬರನ್ನು ಏನೂ ಕೇಳಬಾರದು, ಆಗಿಹೋಗಿದೆ ಎಂದು ಹೇಳಬೇಕು, ಸಾಹೇಬರಿಗಿಂತ ಮೊದಲು ಅವರ ಕಾರಕೂನನಿಗೆ ಹೇಳಬೇಕು. ಹೀಗೆ ಒಂದಾದ ಮೇಲೊಂದು. ನನ್ನನ್ನು ಗೋಡೆ ಎಂದೇ ತಿಳಿದು, ನನ್ನ ಮುಖ ಸಹ ನೋಡದೆ ಹೇಳುತ್ತ ಹೋದರು.

ಚಕ್ರಕ್ಕೆ ಬೆಲ್ಟು ಕೂತ ಹಾಗೆ ಅದು ನನ್ನ ತಲೆಯಲ್ಲಿ ಕೂತಿತು. ಪೂರ್ತಿ.

"ತಿಳೀತೇನು?" ಅಂದರು ಗೌಡರು ಹಲ್ಲು ಕಿಸಿದು.

"ತಿಳೀತ್ರಿ," ಅಂದೆ.

ಹಲ್ಲು ಕಿಸಿದದ್ದು ಹಾಗೇ ಉಳಿಯಿತು. ಕಣ್ಣು ಮಾತ್ರ ಅತ್ತಿತ್ತ ಓಡಾಡಿದವು. ಮಾಸ್ತರರ ಕಡೆ ತಿರುಗಿ, "ಮಾಸ್ತರ, ಆ ಸಭೆ... ಸಭೆ ಹೆಂಗ ಕರೀತಾರ?" ಎಂದು ಕೇಳಿದರು. ಕಸ್ತೂರಿ ಶೇಂಗಾ ನೋಡಿದ ಹಾಗೆಯೇ ನೋಡುತ್ತಿದ್ದರು. ನನಗೆ ಅಯ್ಯೋ ಅನ್ನಿಸಲಿಲ್ಲ. ಅನ್ನಿಸಬೇಕಿತ್ತು ಅಂತ ಕೆಲವರು ಹೇಳುತ್ತಾರೆ, ಹೇಳಿಕೊಳ್ಳಲಿ. ಹೊರಗೆ ಬಂದಾಗ ಗುರುಪಾದಪ್ಪ ಮಾಸ್ತರರು ಹಿಂದೆಯೇ ಓಡಿ ಬಂದು, "ಫಕೀರವ್ವಾರ, ಇನ್ನ ನೀವು ಹೇಳಿದಂಗ್ರೀ," ಎಂದು ಕೈ ಮುಗಿದರು. ಗೌಡರ ಮೇಲೆ ಬಂದ ಸಿಟ್ಟಿಗಿಂತ ಈ ಮನುಷ್ಯನ ಮೇಲೆ ಹೆಚ್ಚು ಬಂತು. ನಿನ್ನೆ ಇದೇ ಕೈ ನನ್ನ ಮಗಳ ಮುಂದೆ ಹುಣಸೆ ಬೀಜ ಸುರಿದಿತ್ತು.

ಮೂವರು ಸದಸ್ಯರನ್ನು ಹಿಡಿದು, ತಮಟೆ ಹೊಡೆಸಿ, ಶನಿವಾರ ಮಧ್ಯಾಹ್ನ ಗಿರಣಿಯಲ್ಲೇ ಸಭೆ ಕರೆದೆ. ಗೌಡರು ಊಟ ಮಾಡಿ ಮಲಗುವ ಹೊತ್ತು ಅದು, ಬೇಕೆಂದೇ ಇಟ್ಟೆ. ಸದಸ್ಯರು ಬಂದು ಚೀಲಗಳ ಮೇಲೆ ಕೂತರು. ಒಬ್ಬೊಬ್ಬರ ಮುಖ ನೋಡಿದಾಗಲೂ ಇವನನ್ನು ಹೇಗೆ ಬಗ್ಗಿಸಬೇಕು ಎಂದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ನಿಜ ಹೇಳುತ್ತೇನೆ, ಭಾಗಾಕಾರವನ್ನು ಕಸ್ತೂರಿಗೆ ಬರೀ ಈ ವಾರವಲ್ಲ, ಅವಳು ಮೆಟ್ರಿಕ್ ಮುಗಿಸುವ ತನಕ ಕೊಡಿಸುವ ಠರಾವು ನನ್ನ ಬಾಯಿಯ ತನಕ ಬಂದಿತ್ತು. ಮಾತಿನ ಸಮೇತ ಸಿದ್ಧವಾಗಿತ್ತು. ಐದೂರಿನ ಹೆಸರು, ಮಾದರಿ ಶಾಲೆ, ಎಲ್ಲ ಹಾಕಿ ಹೇಳಬಹುದಿತ್ತು. ಎಲ್ಲರೂ ಕೈ ಎತ್ತುತ್ತಿದ್ದರು.

ಅಷ್ಟರಲ್ಲಿ ಕೆಳಗಿನೂರಿನ ಹುಸೇನಬಿ ಜೋಳದ ಡಬ್ಬಿ ಹೊತ್ತು ಬಂದಳು. ಸಭೆ ಇರುವುದು ಗೊತ್ತಿರಲಿಲ್ಲ ಅವಳಿಗೆ. ಬಾಗಿಲಲ್ಲೇ ನಿಂತು, "ಫಕೀರವ್ವಕ್ಕಾ, ನಾಳಿ ಸಂಜಿಕ ನಮ್ಮ ಶಮೀನಾನ ಸರದಿ ಐತಿ. ಹುಡುಗಿ ಮುಂಜಾನೆಯಿಂದ ಉಂಡಿಲ್ಲ. ಬರತೈತಲ್ಲಾ ಅಕ್ಕಾ, ಭಾಗಾಕಾರ?" ಅಂದಳು.

ನಾನು ಅವಳನ್ನೇ ನೋಡಿದೆ. ನಾಲ್ಕು ದಿನದ ಹಿಂದೆ ಗೌಡರ ಮುಂದೆ ಮಗಳ ಸರದಿ ಅಂತ ನಾನು ಕೇಳಿದ್ದೂ ಹೀಗೇ. "ಬರತೈತಿ," ಅಂದೆ. "ಡಬ್ಬಿ ಇಳಿಸು, ನೀನೂ ಕುಂದ್ರು." ಬಾಯಿಗೆ ಬಂದಿದ್ದ ಠರಾವು ನುಂಗಿಕೊಂಡು ಬೇರೆ ಹೇಳಿದೆ. ಸರದಿ ಗೋಡೆಯ ಮೇಲೆ ಇದ್ದ ಹಾಗೆಯೇ ನಡೆಯಬೇಕು, ಯಾರಿಗೂ ಬದಲಾಗಬಾರದು. ಊರಿಗೊಬ್ಬ ಹೊಸ ಮಾಸ್ತರರನ್ನು ಇಲಾಖೆ ಕೊಡಬೇಕು. ಕೊಡುವ ಹಾಗೆ ಮಾಡಲು, ಈ ವರ್ಷ ಸಾಲು ಪರೀಕ್ಷೆ ಇಲ್ಲ. ಯಾರಿಗೆ ಏನು ಬರುತ್ತದೋ ಅಷ್ಟೇ ಬರೆಯಬೇಕು.

ಗದ್ದಲವೆದ್ದಿತು. "ಫೇಲ್ ಮಾಡಾಕ ಮಕ್ಕಳನ್ನ ಶಾಲಿಗೆ ಕಳಸೇವೇನು?" ಎಂದು ಗುಡ್ಡದೂರಿನ ಸದಸ್ಯ ಎದ್ದು ನಿಂತ.

"ನೂರಕ್ಕ ನೂರು ತಗೊಂಡಿದ್ನಲ್ಲೋ ನಿನ್ನ ಹಿರೇಮಗ!" ನನ್ನ ಗಿರಣಿಯ ದನಿ ಪೂರ್ತಿ ಬಿಟ್ಟೆ. "ಎಲ್ಲದಾನ ಈಗ? ನನ್ನ ಗಂಡನ ಟ್ರ್ಯಾಕ್ಟರ್ ಹಿಂದ ಕುಂತಾನ. ಹೈಸ್ಕೂಲನ್ಯಾಗ ಮಾಸ್ತರ ಲೆಕ್ಕ ಕೇಳಿದ್ರ ಚಡ್ಡ್ಯಾಗ ಉಚ್ಚಿ ಹೊಯ್ಕೊಂಡ ಬಂದ ಹುಡುಗ ಅಂವ. ಆ ನೂರು ಯಾರಿಗೆ ಬೇಕಾಗಿತ್ತು? ಸಾಹೇಬನ ಹಾರಕ್ಕ ಬೇಕಾಗಿತ್ತು! ನಮ್ಮ ಮಕ್ಕಳಿಗೆ ಬರೂದಿಲ್ಲ. ಬರೂದಿಲ್ಲ ಅಂತ ಒಮ್ಮೆರ ಬಾಯಿ ಬಿಟ್ಟ ಹೇಳೂಣಪ್ಪಾ!"

ಅವನು ಕೂತ. ಮೊದಲು ಕೈ ಎತ್ತಿದವಳು ಹುಸೇನಬಿ, ಅವಳು ಸದಸ್ಯಳೇ ಅಲ್ಲ. ಆಮೇಲೆ ಅವನೂ ಎತ್ತಿದ, ಬಲಗೈ.

ಸಮರ್ಥನನ್ನು ಕರೆಯಲು ಹೋಗಬೇಕಾಗಲಿಲ್ಲ. ತಮಟೆ ಕೇಳಿ ತಾನೇ ಓಡಿ ಬಂದಿದ್ದ. ಗಿರಣಿಯ ಮೆಟ್ಟಿಲ ಮೇಲೆ ಕೂತು, ಸದಸ್ಯರ ಜೊತೆ ಬಂದಿದ್ದ ಮಕ್ಕಳಲ್ಲಿ ಭಿನ್ನರಾಶಿ ಯಾರದೋ ಅವರಿಗೆ, ನಕಾಶೆ ಯಾರದೋ ಅವರಿಗೆ, ಎಲ್ಲ ತಿರುಗಿ ಕೊಟ್ಟ. ಕಸ್ತೂರಿಗೆ ಭಾಗಾಕಾರ ಕಲಿಸುವಾಗ ಅವಳ ಕಿಸೆಯ ಹುಣಸೆ ಬೀಜಗಳನ್ನೇ ಕೇಳಿ ಇಸಿದುಕೊಂಡ. ಎಲ್ಲ ಮುಗಿದ ಮೇಲೆ ಜೋಳದ ಚೀಲದ ಮೇಲೆ ಒರಗಿ ಹಾಗೇ ನಿದ್ದೆ ಹೋದ. ಎಬ್ಬಿಸಬೇಡಿ ಅಂದೆ.

ಐತವಾರ ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ವಸತಿ ಶಾಲೆಯ ಪರೀಕ್ಷೆ ಬರೆದು ಬಂದರು. ಆಮೇಲೆ ಪಟ್ಟಿ ಬಂದಾಗ ಇಬ್ಬರ ಹೆಸರೂ ಇರಲಿಲ್ಲ. ಕಸ್ತೂರಿಯ ಭಾಗಾಕಾರವೆಲ್ಲ ಸರಿಯಿತ್ತು, ಭಿನ್ನರಾಶಿಯ ಕಡೆ ಹಾಳೆ ಬೆಳ್ಳಗಿತ್ತು. ಒಂದೇ ವಿದ್ಯೆ ಹಿಡಿದುಕೊಂಡು ಹೋದರೆ ಯಾವ ಶಾಲೆಯವರು ತಾನೇ ಕರೆದುಕೊಳ್ಳುತ್ತಾರೆ? ಪರೀಕ್ಷೆಯ ದಿನ ಸಂಜೆ ಬಸ್ಸಿನಿಂದ ಇಳಿದವಳು ಸೀದಾ ಶಾಲೆಯ ಕಟ್ಟೆಗೆ ಹೋಗಿ ಶಮೀನಾಳಿಗೆ ಕಲಿಸಿದಳು. ಮನೆಗೆ ಬಂದು ಚಾದರ ಮುಸುಕು ಹಾಕಿಕೊಂಡು ಅತ್ತಳು. ನಾನೂ ಅತ್ತೆ, ಬೈಯುತ್ತ ಅತ್ತೆ.

ವರ್ಷದ ಪರೀಕ್ಷೆಯ ದಿನ ನಾನು ಶಾಲೆಯ ಕಿಟಕಿಯಲ್ಲಿ ನಿಂತು ನೋಡಿದೆ. ಯಾರೂ ಪಕ್ಕಕ್ಕೆ ವಾಲಲಿಲ್ಲ. ಸುಮಿತ್ರಾ ಅಕ್ಕೋರು ಸಾಲುಗಳ ನಡುವೆ ಸುಮ್ಮನೆ ತಿರುಗುತ್ತಿದ್ದರು. ಮಕ್ಕಳು ಹೆಸರು ಬರೆದರು, ಊರು ಬರೆದರು, ಬಂದಷ್ಟು ಕೂಡಿಸಿದರು, ಕಳೆದರು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, ಕೈ ಕಟ್ಟಿಕೊಂಡು, ಗಂಟೆ ಹೊಡೆಯುವ ತನಕ ಕೂತರು. ಅಷ್ಟೊಂದು ಮಕ್ಕಳು ಹಾಗೆ ಸುಮ್ಮನೆ ಕೂತದ್ದನ್ನು ನೋಡಲಾಗದೆ ನಾನು ಕಿಟಕಿ ಬಿಟ್ಟು ಬಂದೆ. ಐದೂರಿನಲ್ಲಿ ಒಬ್ಬರೂ ಪಾಸಾಗಲಿಲ್ಲ.

ತಾಲ್ಲೂಕಿನ ಸಾಹೇಬರು ಜೀಪು ಹತ್ತಿ ಬಂದರು. ಈ ಸಲ ಹಾರ ಇರಲಿಲ್ಲ. "ಏನಮ್ಮಾ ಇದು? ಐದೂರಿನ ಮಕ್ಕಳೆಲ್ಲ ಒಂದೇ ವರ್ಷದಲ್ಲಿ ದಡ್ಡರಾಗಿಬಿಟ್ಟರಾ?" ಎಂದು ಕೂಗಾಡಿದರು.

"ಮೊದಲಿಂದನೂ ಹಿಂಗ ಅದಾರ್ರಿ ಸಾಹೇಬ್ರ. ನೀವು ಈಗ ನೋಡಾಕತ್ತೀರಿ," ಅಂದೆ. "ಊರಿಗೊಬ್ಬ ಮಾಸ್ತರ ಬರೂದು ಆಗೇತಿ. ನಿಮ್ಮ ಕಾರಕೂನಗ ಹೇಳೇನಿ, ಸಹಿ ಅಷ್ಟ ಉಳದೈತಿ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಇದನ್ನೆಲ್ಲ ಹೇಗೆ ಮಾಡಿದೆ, ಸ್ವಲ್ಪ ಬಿಡಿಸಿ ಹೇಳು," ಅಂದರು. ನಾನು ಬಾಯಿ ಮುಚ್ಚಿಕೊಂಡೆ. ಅಷ್ಟು ಹುಚ್ಚಿ ಅಲ್ಲ ನಾನು.

ಐವರನ್ನು ಕೇಳಿದ್ದೆವು, ಜೂನ್‌ನಲ್ಲಿ ಇಬ್ಬರು ಬಂದರು. ಉಳಿದ ಮೂವರಿಗೆ ಜಗಳ ನಡೆದೇ ಇದೆ. ಬಂದ ದಿನ ಸುಮಿತ್ರಾ ಅಕ್ಕೋರು ಅವರಿಬ್ಬರನ್ನು ಗೇಟಿನಲ್ಲೇ ನಿಲ್ಲಿಸಿ, "ಮೊದಲನೇ ವಾರ ದಯವಿಟ್ಟು ಏನೂ ಕಲಸಬ್ಯಾಡ್ರಿ," ಎಂದು ಹೇಳಿ ಒಳಗೆ ಕರೆದುಕೊಂಡು ಹೋದರು. ಈಗ ನಮ್ಮಲ್ಲಿ ಭಾಗಾಕಾರ ಮೂರು ಇವೆ, ಮಗುವಿನ ಹತ್ತಿರ ಮೂರು ವಾರ ಇರುತ್ತದೆ. ಕಸ್ತೂರಿ ಫೇಲಾಗಿ ಮತ್ತೆ ಏಳನೆಯ ತರಗತಿಯಲ್ಲಿ ಕೂತಿದ್ದಾಳೆ. ಒಂದು ವರ್ಷ ಹೋಯಿತು ಅವಳದು. ಅವಳಿಗಿಂತ ಸಣ್ಣ ಮಕ್ಕಳ ನಡುವೆ ಉದ್ದಕ್ಕೆ ಕಾಣುತ್ತಾಳೆ. ಬರುವ ಚಳಿಗಾಲ ವಸತಿ ಶಾಲೆಯ ಪರೀಕ್ಷೆಯ ಹೊತ್ತಿಗೆ ಅವಳಿಗೆ ಭಾಗಾಕಾರವೂ ಇರುತ್ತದೆ, ಭಿನ್ನರಾಶಿಯೂ ಇರುತ್ತದೆ. ಈ ಸಲ ಗೋಡೆಯ ಮುಂದೆ ನಿಂತು ಬೆರಳಿಟ್ಟು ನೋಡಿದವಳು ಅವಳೇ.

ಮಾಸ್ತರರು ಬಂದ ಮೇಲೆ, ಗೌಡರಿಂದ ನನಗೆ ಬಂದದ್ದನ್ನೂ ನಾನು ಸರದಿಗೆ ಹಾಕಿದೆ. ಐದೂರಿನ ತಾಯಿತಂದೆಯರಲ್ಲಿ ಒಬ್ಬೊಬ್ಬರ ಹತ್ತಿರ ಒಂದು ತಿಂಗಳು. ನನ್ನ ತಿಂಗಳು ಮುಗಿದ ದಿನ ಹುಸೇನಬಿಯನ್ನು ಗಿರಣಿಯಲ್ಲಿ ಕೂರಿಸಿಕೊಂಡು ಎಲ್ಲ ಬಿಡಿಸಿ ಹೇಳಿದೆ. ಅವಳು ತಲೆಯಾಡಿಸಿದಳು. ನಾನು ಹಿಟ್ಟಿನ ಡಬ್ಬಿ ಹಿಡಿದು ನಿಂತಿದ್ದೆ. ಗೌಡರು ಅಂದದ್ದು, ನಾನು ಮಾಡಿದ್ದು ಎಲ್ಲ ನೆನಪಿದೆ, ಈಗ ಮತ್ತೆ ಒಂದು ಸಭೆ ಕರಿ ಅಂದರೆ ಮಾತ್ರ ಎಲ್ಲಿಂದ ಹಿಡಿಯಬೇಕೋ ತಿಳಿಯುವುದಿಲ್ಲ. ಮೊನ್ನೆ ಸಭೆಗೆ ಹೋಗಿ ಹಿಂದಿನ ಸಾಲಿನಲ್ಲಿ ಕೂತು ಬಂದೆ. ಅವಲಕ್ಕಿ ಮಾಡಿ ತಂದವನು ಗುಡ್ಡದೂರಿನ ಸದಸ್ಯ, ಉಪ್ಪು ಹೆಚ್ಚಾಗಿತ್ತು.

ಆದರೆ ಒಂದು ಮಾತು. ಗೌಡರು ಎಡಗೈಗಳನ್ನು ಎತ್ತಿಸಿದ್ದು, ಆ ತಟ್ಟೆಯ ಶೇಂಗಾ, ಕೈ ಕಟ್ಟಿ ಕೂತ ಆ ಮಕ್ಕಳು, ಇದನ್ನು ನಾನು ಹುಸೇನಬಿಗೆ ಹೇಳಿದ್ದೇನೆ, ಗುಡ್ಡದೂರಿನವರಿಗೆ ಹೇಳಿದ್ದೇನೆ, ಬಂದ ಇಬ್ಬರು ಮಾಸ್ತರರಿಗೂ ಹೇಳಿದ್ದೇನೆ. ಗಿರಣಿಗೆ ಬಂದವರು ಯಾರೂ ಕೇಳದೆ ಹೋಗಿಲ್ಲ. ಎಲ್ಲರಿಗೂ ಸಿಟ್ಟು ಬಂದಿದೆ, ಅವರ ಮುಖದಲ್ಲೇ ಕಂಡಿದ್ದೇನೆ. ಈಗ ನಿಮಗೂ ಹೇಳಿದೆ. ಹೇಳಿ ಮುಗಿಸಿ ಪ್ರತಿ ಸಲ ಮುಟ್ಟಿ ನೋಡಿಕೊಳ್ಳುತ್ತೇನೆ, ನನ್ನ ಸಿಟ್ಟು ಇದ್ದಲ್ಲೇ ಇದೆ, ಒಂದು ಕಾಳೂ ಕಡಿಮೆಯಾಗಿಲ್ಲ.